ಗಾಜಿನ ಎಳೆಯ ನಾಡಿಪರೀಕ್ಷೆ

ಕೂದಲೆಳೆಯಷ್ಟು ತೆಳುವಾದ ಗಾಜಿನ ನೂಲಿನಲ್ಲಿ ಬೆಳಕನ್ನು ಹರಿಸಿ ದೂರದೂರಿಗೆ ಸುದ್ದಿ ಕಳುಹಿಸಬಹುದೆಂದು ಚಾರ್ಲ್ಸ್ ಕಾವೋ 1966ರಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕಲಾ ವಿಭಾಗದವನಾದ ನಾನು ಈ ವಿಷಯಕ್ಕೆ ಕೈಹಾಕಿದ್ದು ಉದ್ಧಟತನವೆಂದು ಅಧ್ಯಾಪಕರು ಭಾವಿಸಬಾರದು. ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಿಂದ ಬರುವ ನಮಗೆ ಈ ನೂಲಿನೊಡನೆ ಅನ್ನದ ಸಂಬಂಧವೇ ಉಂಟು.

ಕಳೆದ ಮಳೆಗಾಲದಲ್ಲಿ ರಸ್ತೆಬದಿ ಅಗೆಯುವಾಗ ನಮ್ಮೂರ ಕಡೆಯ ಕೇಬಲ್ಲು ತುಂಡಾಯಿತು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒತ್ತದೆ ಅಕ್ಕಿಯಿಲ್ಲವಷ್ಟೆ. ನನ್ನ ತಾಯಿ ಮೂರು ದಿನ ತೋಟದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಮರಳಿದರು. ಅವುಗಳಲ್ಲಿ ಎರಡು ದಿನ ತುಂಡಾದ ಜಾಗವನ್ನು ಹುಡುಕುವುದರಲ್ಲೇ ಕಳೆದಿತ್ತು!

ನೆಲದಡಿ ಹೂತ ನೂಲು ಎಲ್ಲಿ ಮುರಿಯಿತೆಂದು ಅಗೆಯದೆ ತಿಳಿಯುವುದು ಹೇಗೆ? ಬಾವಿಯೊಳಗೆ ಕೂಗಿದರೆ ದನಿ ಮರಳಿ ಬರುವುದನ್ನು ಎಲ್ಲರೂ ಬಲ್ಲರು. ಓ.ಟಿ.ಡಿ.ಆರ್. ಎಂಬ ಯಂತ್ರ ಬೆಳಕಿನಿಂದ ಇದನ್ನೇ ಮಾಡುತ್ತದೆ. ಬೆಳಕಿನ ಒಂದು ಮಿಡಿತವನ್ನು ನೂಲಿನೊಳಗೆ ಬಿಟ್ಟರೆ ಗಾಜು ಉದ್ದಕ್ಕೂ ಅದರ ಅತ್ಯಲ್ಪ ಭಾಗವನ್ನು ಹಿಂದಕ್ಕೆ ಚದರಿಸುತ್ತದೆ. ಮುರಿತದಿಂದಾಚೆಗೆ ಏನೂ ಮರಳದು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಯಂತ್ರ ಕಡೂರಿನಲ್ಲಿದ್ದು, ಬೀರೂರು ದಾಟಿ ತರೀಕೆರೆಯ ಹಾದಿಯಲ್ಲೆಲ್ಲೋ ನೂಲು ಮುರಿದಿದೆ ಎಂದುಕೊಳ್ಳೋಣ. ಕೊನೆಯ ಮರುಬೆಳಕು 200 ಮೈಕ್ರೋಸೆಕೆಂಡಿಗೆ ಬಂದರೆ ಹೋಗಿ ಬಂದ ದೂರ 40 ಕಿಲೋಮೀಟರು. ಮುರಿತವಿರುವುದು ಅದರ ಅರ್ಧದಲ್ಲಿ, 20ನೆಯ ಕಿಲೋಮೀಟರಿನಲ್ಲಿ.

ಯಂತ್ರವನ್ನು ಹೊತ್ತು ತಿರುಗದೆ ಒಂದೆಡೆ ನೆಲೆಗೊಳಿಸಿ, ಸ್ವಿಚ್ಚಿನ ಮೂಲಕ ಹಲವು ನೂಲುಗಳನ್ನು ಸರದಿಯಂತೆ ಪರೀಕ್ಷಿಸುವುದೇ ದೂರನಿರೀಕ್ಷಣೆ. ನೂಲು ಸುಸ್ಥಿತಿಯಲ್ಲಿದ್ದಾಗಿನ ರೇಖೆಯೊಡನೆ ಈಗಿನ ರೇಖೆಯನ್ನು ಹೋಲಿಸಿ, ವ್ಯತ್ಯಾಸ ಕಂಡೊಡನೆ ಅದು ಎಚ್ಚರಿಸುತ್ತದೆ. ಸುದ್ದಿ ಸಾಮಾನ್ಯವಾಗಿ 1310, 1490, 1550 ನ್ಯಾನೋಮೀಟರಿನ ಬೆಳಕಿನಲ್ಲಿ ಹರಿದರೆ ಪರೀಕ್ಷೆ 1625 ಅಥವಾ 1650ರಲ್ಲಿ ನಡೆಯುವುದರಿಂದ ಒಂದಕ್ಕೊಂದು ಅಡ್ಡಿಯಿಲ್ಲ. ಇಂಥ ಉದ್ದ ಅಲೆಯ ಬೆಳಕು ನೂಲು ಬಾಗಿದಲ್ಲಿ ಬೇಗ ಸೋರುತ್ತದೆ. ಆದ್ದರಿಂದ ಕಲ್ಲಿನಡಿ ಸಿಕ್ಕಿ ನಲುಗುತ್ತಿರುವ ಜಾಗ ತುಂಡಾಗುವ ಮುನ್ನವೇ ಕಾಣಿಸಿಕೊಳ್ಳಬಹುದು.

ತೊಡಕುಗಳೂ ಇವೆ. 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯ ಮೊದಲ ಹಂತದಲ್ಲಿ ಒಂದೇ ನೂಲನ್ನು ಕವಲೊಡೆಸಿ ಹಲವು ಪಂಚಾಯಿತಿಗಳಿಗೆ ಹಂಚುವ ಕ್ರಮವಿತ್ತು. ಅಜ್ಜಂಪುರದಿಂದ ಎಂಟು ಹಳ್ಳಿಗಳಿಗೆ ಹೀಗೆ ಕವಲಾದರೆ ಎಂಟರ ಮರುಬೆಳಕೂ ಒಂದರೊಳಗೊಂದು ಬೆರೆತು ಬರುತ್ತದೆ. ಮುರಿದದ್ದು ಯಾವ ಕವಲೆಂದು ಹೇಳುವುದು ಕಷ್ಟ. ಪ್ರತಿ ಕವಲಿನ ತುದಿಯಲ್ಲಿಯೂ ಪರೀಕ್ಷೆಯ ಬೆಳಕನ್ನು ಮಾತ್ರ ಹಿಂತಿರುಗಿಸುವ ಪುಟ್ಟ ಪ್ರತಿಫಲಕವನ್ನಿಟ್ಟರೆ, ಉತ್ತರ ಬಾರದ ಕವಲು ತಾನಾಗಿ ಗೊತ್ತಾಗುತ್ತದೆ. ಆದರೆ ತುದಿಗಳು ಬೇರೆಬೇರೆ ದೂರದಲ್ಲಿರಬೇಕು.

ಅಗೆಯುವವರು ಮೊದಲೇ ತಿಳಿಸಲೆಂದು 2023ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಹೊರತಂದಿತು. ಜೆಸಿಬಿ ನಡೆಸುವವನ ಕೈಗೆ ಅದು ತಲಪಬೇಕಷ್ಟೆ.

ನನ್ನ ಅಭಿಪ್ರಾಯದಲ್ಲಿ ಈ ಯಂತ್ರ ಉಳಿಸುವುದು ಹುಡುಕುವ ಎರಡು ದಿನವನ್ನು. ಬೆಸೆಯುವ ಮೂರನೆಯ ದಿನವನ್ನಲ್ಲ. ಮುರಿದ ತುದಿಗಳನ್ನು ವಿದ್ಯುತ್ ಕಿಡಿಯಿಂದ ಕರಗಿಸಿ ಕೂಡಿಸುವ ಸಾಧನ ಮತ್ತು ಅದನ್ನು ಬಲ್ಲ ಆಳು ತಾಲ್ಲೂಕಿನಲ್ಲೇ ಇರದಿದ್ದರೆ, ಒಂದು ನಿಮಿಷದಲ್ಲಿ ಸುದ್ದಿ ತಿಳಿದೂ ತಾಯಂದಿರು ಸಾಲಿನಲ್ಲೇ ನಿಂತಿರಬೇಕು. ಅಲ್ಲದೆ ಯಂತ್ರ ಹೇಳುವುದು ನೂಲಿನ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಬೆಸುಗೆಯ ಗುಂಡಿಗಳಲ್ಲಿ ಹೆಚ್ಚುವರಿ ಕೇಬಲ್ಲನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಪ್ರತಿ ದುರಸ್ತಿಯಲ್ಲೂ ಕೆಲವು ಮೀಟರು ಕೂಡುವುದೋ ಕಳೆಯುವುದೋ ಉಂಟು. ಅದನ್ನು ಅಂದೇ ನಕ್ಷೆಯಲ್ಲಿ ಬರೆದಿಡದಿದ್ದರೆ ಮುಂದಿನ ಸಲ ಗುದ್ದಲಿ ಬೀಳುವುದು ಬೇರೆ ಜಾಗದಲ್ಲಿ.