ಟ್ಯಾಲಿಯಲ್ಲಿ ಲೆಕ್ಕಪತ್ರ ಕಾಣದಾದಾಗ: ಹುಡುಕುವ ಕ್ರಮ

ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು ಸಮೀಪಿಸಿರುವಾಗ ಟ್ಯಾಲಿಯನ್ನು ತೆರೆದರೆ ಕಂಪನಿಗಳ ಪಟ್ಟಿ ಬರಿದಾಗಿರುವ ಪ್ರಸಂಗ ವರ್ತಕರಿಗೆ ಹೊಸದಲ್ಲ. ಗಣಕಯಂತ್ರವನ್ನು ಬದಲಿಸಿದಾಗ, ವಿಂಡೋಸ್ ಮರುಸ್ಥಾಪಿಸಿದಾಗ ಅಥವಾ ಹೊಸ ಆವೃತ್ತಿಯನ್ನು ಅಳವಡಿಸಿದಾಗ ಹೀಗಾಗುವುದುಂಟು. ಪರದೆಯ ಮೇಲೆ ಕಾಣದ ಲೆಕ್ಕ ಅಳಿಸಿಹೋಗಿದೆಯೆಂದು ಒಡನೆಯೇ ತೀರ್ಮಾನಿಸಬಾರದು. ಅನೇಕ ವೇಳೆ ದತ್ತಾಂಶ ಇದ್ದಲ್ಲಿಯೇ ಇರುತ್ತದೆ. ತಂತ್ರಾಂಶ ಬೇರೆಡೆ ಹುಡುಕುತ್ತಿರುತ್ತದೆ.

ಟ್ಯಾಲಿ ಪ್ರತಿಯೊಂದು ಕಂಪನಿಗೂ 10000, 10001 ಎಂಬಂತೆ ಅಂಕಿಗಳ ಹೆಸರುಳ್ಳ ಫೋಲ್ಡರನ್ನು ರಚಿಸುತ್ತದೆ. ಅದರ ಮೇಲೆ ವ್ಯಾಪಾರಸಂಸ್ಥೆಯ ಹೆಸರಿರುವುದಿಲ್ಲ; ಆದುದರಿಂದ ಅಂಗಡಿಯ ಹೆಸರನ್ನು ನೀಡಿ ಹುಡುಕಿದರೆ ಪ್ರಯೋಜನವಿಲ್ಲ. ಟ್ಯಾಲಿ.ಇಆರ್‌ಪಿ 9 ಸಾಮಾನ್ಯವಾಗಿ ತನ್ನದೇ ಫೋಲ್ಡರಿನೊಳಗಿನ 'ಡೇಟಾ'ದಲ್ಲಿಯೂ, ಟ್ಯಾಲಿಪ್ರೈಮ್ 'ಯೂಸರ್ಸ್', 'ಪಬ್ಲಿಕ್' ಫೋಲ್ಡರುಗಳ ಒಳಗೂ ದತ್ತಾಂಶವನ್ನಿಡುತ್ತವೆ. ಆವೃತ್ತಿ ಬದಲಾದಾಗ ಗೊಂದಲವೇಳಲು ಇದೊಂದು ಕಾರಣ.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೊದಲು ಯಾವುದನ್ನೂ ಅಳಿಸಬಾರದು. ಡಿಸ್ಕನ್ನು ಫಾರ್ಮ್ಯಾಟ್ ಮಾಡಬಾರದು. ಅದೇ ಹೆಸರಿನಲ್ಲಿ ಹೊಸ ಕಂಪನಿಯನ್ನು ರಚಿಸಿ ನಮೂದುಗಳನ್ನು ಆರಂಭಿಸಿದರೆ ಒಂದೇ ಸಂಸ್ಥೆಗೆ ಎರಡು ಲೆಕ್ಕಗಳು ಹುಟ್ಟಿಕೊಳ್ಳುತ್ತವೆ.

2. ಕಂಪನಿಯನ್ನು ಆಯ್ಕೆಮಾಡುವ ಪರದೆಯಲ್ಲಿ ತೋರುವ ದತ್ತಾಂಶದ ಮಾರ್ಗವನ್ನು ಪರಿಶೀಲಿಸಬೇಕು. ಹಿಂದೆ 'ಡಿ' ಎಂದಿದ್ದ ಡ್ರೈವು ಈಗ 'ಇ' ಆಗಿರಬಹುದು. ದತ್ತಾಂಶ ಕಚೇರಿಯ ಸರ್ವರಿನಲ್ಲಿದ್ದು ಅದರ ಸಂಪರ್ಕ ಕಡಿದಿರಬಹುದು.

3. ವಿಂಡೋಸ್‌ನ ಹುಡುಕುವ ಪೆಟ್ಟಿಗೆಯಲ್ಲಿ *.900 ಎಂದು ಬರೆದು ಎಲ್ಲ ಡ್ರೈವುಗಳನ್ನೂ ಶೋಧಿಸಬೇಕು. ಟ್ಯಾಲಿಪ್ರೈಮ್‌ನ ಈಚಿನ ಆವೃತ್ತಿಗಳಿಗೆ *.1800 ಎಂದು ಬರೆಯಬೇಕು. ಬಳಿಕ ರೀಸೈಕಲ್ ಬಿನ್, ಆ್ಯಂಟಿವೈರಸ್ ಪ್ರತ್ಯೇಕಿಸಿಟ್ಟ ಕಡತಗಳು ಹಾಗೂ ಹಳೆಯ ಹಾರ್ಡ್ ಡಿಸ್ಕನ್ನು ನೋಡಬೇಕು.

4. ಫೋಲ್ಡರ್ ದೊರೆತೊಡನೆ, ತೆರೆಯುವ ಮುನ್ನ, ಅದನ್ನು ಇಡಿಯಾಗಿ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ಒಂದೆರಡು ಕಡತಗಳನ್ನು ಮಾತ್ರ ಆರಿಸಿ ಒಯ್ದರೆ ಲೆಕ್ಕ ತೆರೆಯಲಾರದು.

5. ಒಂದಕ್ಕಿಂತ ಹೆಚ್ಚು ಪ್ರತಿಗಳು ದೊರೆತರೆ ಫೋಲ್ಡರಿನ ದಿನಾಂಕವನ್ನಷ್ಟೇ ನಂಬಬಾರದು. ಕೊನೆಯ ವೋಚರಿನ ಸಂಖ್ಯೆಯನ್ನು ಬಿಲ್ ಪುಸ್ತಕದೊಡನೆಯೂ, ಬ್ಯಾಂಕ್ ಖಾತೆಯ ಶಿಲ್ಕನ್ನು ಬ್ಯಾಂಕಿನ ಸ್ಟೇಟ್‌ಮೆಂಟಿನೊಡನೆಯೂ ತಾಳೆ ನೋಡಿ ಪೂರ್ಣವಾದುದನ್ನು ನಿರ್ಧರಿಸಬೇಕು.

6. ಬ್ಯಾಕಪ್ ಮಾತ್ರ ಉಳಿದಿದ್ದಲ್ಲಿ ಅದನ್ನು ಹೊಸದೊಂದು ಖಾಲಿ ಫೋಲ್ಡರಿಗೆ ಮರಳಿ ಪಡೆಯಬೇಕು. ಇರುವ ದತ್ತಾಂಶದ ಮೇಲೆಯೇ ಪಡೆದರೆ ಮೂರು ತಿಂಗಳ ಹಿಂದಿನ ಲೆಕ್ಕ ಇಂದಿನ ಲೆಕ್ಕವನ್ನು ಅಳಿಸಿಹಾಕಬಹುದು.

ಈ ಎಚ್ಚರಿಕೆಗೆ ಕಾನೂನಿನ ಮುಖವೂ ಉಂಟು. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 36ನೆಯ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಕಂಪನಿಗಳ ಕಾಯ್ದೆ, 2013ರ 128ನೆಯ ಕಲಮು ಕಂಪನಿಗಳಿಗೆ 8 ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ. ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂಬ ನಿಯಮ ಕಂಪನಿಗಳಿಗೆ 2022ರ ಆಗಸ್ಟಿನಿಂದ ಅನ್ವಯವಾಗಿದೆ.

ಪ್ರತಿಯೊಂದು ವ್ಯಾಪಾರಸಂಸ್ಥೆಯೂ ದತ್ತಾಂಶದ ಮಾರ್ಗ, ಕಂಪನಿಯ ಫೋಲ್ಡರ್ ಸಂಖ್ಯೆ ಹಾಗೂ ಬ್ಯಾಕಪ್ ಇರುವ ಸ್ಥಳ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನಲ್ಲಿಡುವುದು ಲೇಸು. ಲೆಕ್ಕ ಬರೆಯುವ ಗುಮಾಸ್ತರು ಕೆಲಸ ಬಿಟ್ಟು ಹೋದರೂ ಮಾಲೀಕರಿಗೆ ಆ ಹಾಳೆ ದಾರಿ ತೋರುತ್ತದೆ.