ಮದುವೆಯ ಹೂವನ್ನು ನಾವೇ ಕಟ್ಟುವ ಬಗೆ

ದಿಲ್ಲಿಯಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಮದುವೆ ನಿಶ್ಚಯವಾದೊಡನೆ ಎರಡು ಪ್ರಶ್ನೆಗಳು ತಪ್ಪದೆ ಏಳುವುವು. ಅಡಿಗೆಯವರು ಯಾರು? ಹೂವು ಎಲ್ಲಿಂದ? ಮೊದಲನೆಯದಕ್ಕೆ ಹೇಗೋ ಉತ್ತರ ದೊರೆಯುವುದು. ಎರಡನೆಯದು ಅಷ್ಟು ಸುಲಭವಲ್ಲ. ಇಲ್ಲಿಯ ಹೂವಾಡಿಗರು ಜಯಮಾಲೆಯನ್ನು ಕಟ್ಟಬಲ್ಲರು, ವರನ ಸೆಹರಾ ಕಟ್ಟಬಲ್ಲರು. ಅವರ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. ಆದರೆ ವಧುವಿನ ಜಡೆಗೆ ಬೇಕಾದ ಮಲ್ಲಿಗೆಯ ದಂಡೆ, ಮರುಗ ದವನಗಳನ್ನು ನಡುನಡುವೆ ಸೇರಿಸಿ ಕಟ್ಟಿದ ಮಾಲೆ, ಇವು ಅವರಲ್ಲಿ ಬಹುಮಂದಿಗೆ ಅಪರಿಚಿತ. ಊರಿನಿಂದ ತರಿಸಿದ ಮಲ್ಲಿಗೆಯು ಪ್ಲಾಸ್ಟಿಕ್ ಚೀಲದೊಳಗೆ ಬೆವತು, ಕಂದಿ, ಮುಹೂರ್ತದ ಹಿಂದಿನ ರಾತ್ರಿ ಬಿಚ್ಚಿ ನೋಡಿದಾಗ ಕಂದುಬಣ್ಣಕ್ಕೆ ತಿರುಗಿದ್ದುದನ್ನು ಕಂಡು ಮನೆಮಂದಿಯೆಲ್ಲ ಮುಖ ಬಾಡಿಸಿಕೊಂಡ ಮದುವೆಗಳನ್ನು ನಾವು ಬಲ್ಲೆವು. ಆ ಮನೆಯಲ್ಲಿ ಹೂ ಕಟ್ಟಬಲ್ಲವರು ಅಜ್ಜಿಯೊಬ್ಬರೇ. ಅವರ ಕೈಗಾದರೋ ನಡುಕ. ಮೊಮ್ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಈ ಪಾಠವನ್ನು ಬರೆಯುತ್ತಿರುವುದು ಅಂತಹ ಮೊಮ್ಮಕ್ಕಳಿಗಾಗಿ.

ಹೊಸದಾಗಿ ಕಲಿಯುವವರು ಎಲ್ಲವನ್ನೂ ತಾವೇ ಮಾಡುವೆವೆಂದು ಹೊರಡಬಾರದು. ತೋರಣ, ದಂಡೆ, ವಧೂವರರ ಹಾರ ಇವು ಮೂರು ಮನೆಯವರ ಕೈಗೆ ಎಟಕುವಂಥವು. ಮೊಗ್ಗಿನ ಜಡೆಯು ಬೇರೆಯೇ ವಿದ್ಯೆ. ಒಂದೊಂದು ಮೊಗ್ಗನ್ನೂ ಸಾಲು ತಪ್ಪದಂತೆ ಹೊಲಿಯುವುದಕ್ಕೆ ಪಳಗಿದ ಕೈ ಬೇಕು. ಮಂಟಪದ ಅಲಂಕಾರಕ್ಕೆ ಏಣಿ, ಹಗ್ಗ, ಆಳುಗಳು ಬೇಕು. ಅವನ್ನು ಬಲ್ಲವರಿಗೆ ಬಿಡುವುದು ಒಳ್ಳೆಯದು.

ಹೂವನ್ನು ಆರಿಸುವಾಗ ಮೊದಲು ನೋಡತಕ್ಕದ್ದು ತಿಂಗಳನ್ನು. ದಿಲ್ಲಿಯ ಸೀಮೆಯಲ್ಲಿ ಮಲ್ಲಿಗೆಯು ಬೇಸಗೆಯ ಹೂವು. ಇಲ್ಲಿಯವರು ಅದನ್ನು ಮೋತಿಯಾ ಎಂದೂ ಬೇಲಾ ಎಂದೂ ಕರೆಯುವರು. ಏಪ್ರಿಲ್ ತಿಂಗಳಿನಿಂದ ಮಳೆಗಾಲದವರೆಗೆ ಅದು ಧಾರಾಳವಾಗಿ ದೊರೆಯುವುದು. ಆದರೆ ಉತ್ತರದ ಮದುವೆಗಳ ಭರಾಟೆ ಪ್ರಾರಂಭವಾಗುವುದು ಕಾರ್ತಿಕ ಶುದ್ಧ ಏಕಾದಶಿಯ ಅನಂತರ. ಆ ವೇಳೆಗೆ ಇಲ್ಲಿಯ ಮಲ್ಲಿಗೆ ಮುಗಿದಿರುವುದು. ದಕ್ಷಿಣದಿಂದ ಬಂದ ಹೂವಿಗೆ ಬೆಲೆ ಏರಿರುವುದು. ಚಳಿಗಾಲದ ಮದುವೆಗೆ ದಂಡೆಯೊಂದನ್ನು ಮಾತ್ರ ಮಲ್ಲಿಗೆಯಲ್ಲಿ ಕಟ್ಟಿ, ಉಳಿದುದನ್ನೆಲ್ಲ ಚೆಂಡುಹೂ, ಗುಲಾಬಿ, ಸೇವಂತಿಗೆಗಳಲ್ಲಿ ಮಾಡುವುದೇ ಜಾಣತನ. ಆ ಕಾಲದಲ್ಲಿ ಇವು ಮೂರೂ ಇಲ್ಲಿ ಹೇರಳ.

ಸಗಟು ಹೂವಿಗೆ ಪೂರ್ವ ದಿಲ್ಲಿಯ ಗಾಜಿಪುರದ ಮಂಡಿಗೆ ಹೋಗಬೇಕು. ಮೊದಲು ಈ ವ್ಯಾಪಾರವು ಕನಾಟ್ ಪ್ಲೇಸಿನ ಬಾಬಾ ಖಡಕ್ ಸಿಂಗ್ ಮಾರ್ಗ, ಮೆಹರೌಲಿ, ಫತೇಪುರಿ ಎಂದು ಮೂರು ಕಡೆ ಹಂಚಿಹೋಗಿದ್ದಿತು. ೨೦೧೧ರಲ್ಲಿ ಅದನ್ನು ಗಾಜಿಪುರಕ್ಕೆ ಸಾಗಿಸಿದರು. ನಸುಕಿನಲ್ಲಿ ಹೋದವರಿಗೆ ಒಳ್ಳೆಯ ಹೂವು. ನೊಯಿಡಾ, ಗಾಜಿಯಾಬಾದುಗಳಲ್ಲಿರುವವರಿಗೆ ಇದು ಸಮೀಪ, ಗುರುಗ್ರಾಮದವರಿಗೆ ನಿದ್ದೆಗೇಡು. ಕಟ್ಟಿದ ಮಲ್ಲಿಗೆ ನಾಲ್ಕಾರು ಮೊಳ ಸಾಕೆನ್ನುವವರು ರಾಮಕೃಷ್ಣಪುರದ ಮಲೈ ಮಂದಿರದಂತಹ ದಕ್ಷಿಣದವರ ದೇವಾಲಯಗಳ ಸುತ್ತ ವಿಚಾರಿಸಿದರಾಯಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆವು. ನಾವು ಚೆಂಡುಹೂ ಎನ್ನುವುದನ್ನು ಹಿಂದಿಯವರು ಗೇಂದಾ ಎನ್ನುವರು. ಅವರ ಭಾಷೆಯಲ್ಲಿ ಗೇಂದ್ ಎಂದರೂ ಚೆಂಡೇ. ಎರಡು ನುಡಿಗಳವರೂ ಹೂವನ್ನು ನೋಡಿದ ಕಣ್ಣು ಒಂದೇ! ಆದರೆ ಈ ಹೂವು ಹುಟ್ಟಿದುದು ನಮ್ಮಲ್ಲೂ ಅಲ್ಲ, ಅವರಲ್ಲೂ ಅಲ್ಲ. ದೂರದ ಮೆಕ್ಸಿಕೋ ದೇಶದಲ್ಲಿ. ಸುಗಂಧರಾಜದ ತೌರೂ ಅದೇ. ಐರೋಪ್ಯರ ಹಡಗುಗಳು ಸಾಗರ ದಾಟತೊಡಗುವ ಮುನ್ನ ನಮ್ಮ ಮದುವೆಯ ಚಪ್ಪರಗಳಲ್ಲಿ ಇವೆರಡೂ ಇರಲಿಲ್ಲ. ‘ಇದು ನಮ್ಮ ಸಂಪ್ರದಾಯದ ಹೂವಲ್ಲ’ ಎಂದು ಮೂಗು ಮುರಿಯುವ ಹಿರಿಯರಿಗೆ ಈ ಮಾತನ್ನು ವಿನಯದಿಂದ ತಿಳಿಸಬಹುದು.

ಇನ್ನು ಕಟ್ಟುವ ಕ್ರಮ. ಹತ್ತಿಯ ದಾರವನ್ನು ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಬೇಕು. ಒಣ ದಾರವು ಎಳೆಯ ತೊಟ್ಟನ್ನು ಕತ್ತರಿಸುವುದು. ಬಾಳೆಯ ನಾರು ದೊರೆತರೆ ಇನ್ನೂ ಲೇಸು. ಒಣಗಿದ ಪಟ್ಟೆಯನ್ನು ನೀರಿನಲ್ಲಿ ನೆನೆಯಿಟ್ಟು, ಸಣ್ಣ ಎಳೆಗಳಾಗಿ ಸೀಳಿದರೆ ನಾರು ಸಿದ್ಧ. ಅದು ತೇವವನ್ನು ಹಿಡಿದಿಡುವುದು, ತೊಟ್ಟಿಗೆ ಮೃದು. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತೆಂದು ಗಾದೆ ಹೇಳುವುದಾದರೂ, ಮಾಲೆಯು ಸಂಜೆಯವರೆಗೆ ನಿಲ್ಲುವುದು ನಾರಿನ ಉಪಕಾರದಿಂದಲೇ.

ದಾರದ ತುದಿಯನ್ನು ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯಿರಿ. ಎರಡು ಮೊಗ್ಗುಗಳನ್ನು ತಲೆ ಎಡಕ್ಕೆ ಬರುವಂತೆಯೂ, ಇನ್ನೆರಡನ್ನು ತಲೆ ಬಲಕ್ಕೆ ಬರುವಂತೆಯೂ ಇಡಿ. ನಾಲ್ಕರ ತೊಟ್ಟುಗಳೂ ನಡುವೆ ಒಂದರ ಮೇಲೊಂದು ಸೇರಿರಬೇಕು. ಬಲಗೈಯಿಂದ ದಾರವನ್ನು ಆ ತೊಟ್ಟುಗಳ ಸುತ್ತ ಒಂದು ಸುತ್ತು ತನ್ನಿ. ಅನಂತರ ದಾರವನ್ನು ಬೆರಳಿನ ಮೇಲೆ ತಿರುವಿ ಒಂದು ಕುಣಿಕೆ ಮಾಡಿ, ಅದನ್ನು ತೊಟ್ಟುಗಳ ಮೇಲಿಂದ ಇಳಿಸಿ ಎಳೆಯಿರಿ. ಇದೇ ಗಂಟು. ಮುಂದಿನ ನಾಲ್ಕು ಮೊಗ್ಗುಗಳನ್ನು ಇದಕ್ಕೆ ಒತ್ತಿಕೊಂಡೇ ಇಡಬೇಕು. ಕುಣಿಕೆಯನ್ನು ಎಳೆಯುವ ಬಲವನ್ನು ಬರಹದಿಂದ ಕಲಿಸಲು ಬಾರದು; ಹೆಚ್ಚಾದರೆ ತೊಟ್ಟು ಮುರಿಯುವುದು, ಕಡಮೆಯಾದರೆ ಹೂವು ಉದುರುವುದು. ಬಲ್ಲ ಅಜ್ಜಿಯೋ ಅತ್ತೆಯೋ ಮನೆಯಲ್ಲಿದ್ದರೆ ಅವರ ಬಳಿ ಒಂದು ಸಂಜೆ ಕುಳಿತು, ಮೊದಲು ಹಸಿ ಬೀನ್ಸ್ ಕಾಯಿಯ ತುಂಡುಗಳನ್ನು ಕಟ್ಟಿ ಪಳಗುವುದು ಉತ್ತಮ. ಅವು ಮುರಿದರೆ ಪಲ್ಯಕ್ಕಾದರೂ ಆಗುವುವು.

ಈಗ ಸ್ವಲ್ಪ ಗಣಿತ. ಒಂದೊಂದು ಗಂಟು ಅರ್ಧ ಸೆಂಟಿಮೀಟರು ಸ್ಥಳ ಹಿಡಿಯುವುದೆಂದು ಭಾವಿಸೋಣ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸುಮಾರು ೪೫ ಸೆಂಟಿಮೀಟರು. ಆಗ ಮೊಳಕ್ಕೆ ೯೦ ಗಂಟು, ೩೬೦ ಮೊಗ್ಗು. ಹೊಸಬರು ನಿಮಿಷಕ್ಕೆ ನಾಲ್ಕು ಗಂಟು ಹಾಕಿದರೆ ಒಂದು ಮೊಳಕ್ಕೆ ಇಪ್ಪತ್ತೆರಡೂವರೆ ನಿಮಿಷ; ಹತ್ತು ಮೊಳಕ್ಕೆ ಮೂರು ಮುಕ್ಕಾಲು ಗಂಟೆ. ನಾಲ್ವರು ಕುಳಿತರೆ ಒಂದು ಗಂಟೆಯೊಳಗೆ ಮುಗಿಯುವುದು. ಈ ಲೆಕ್ಕವು ವ್ಯರ್ಥವಲ್ಲ. ಮಲ್ಲಿಗೆಯ ಮೊಗ್ಗು ಸಂಜೆಯಾಗುತ್ತಲೇ ಬಿರಿಯತೊಡಗುವುದು. ಬಿರಿದ ಹೂವನ್ನು ಕಟ್ಟಲು ಹೋದರೆ ಎಸಳು ನಲುಗುವುದು. ಆದುದರಿಂದ ಒಬ್ಬರೇ ಕುಳಿತು ಕಟ್ಟುವೆವೆನ್ನುವ ಹಟ ಇಲ್ಲಿ ಸಲ್ಲದು. ಉಡುಪಿಯ ಕಡೆಯ ಶಂಕರಪುರದಲ್ಲಿ ಮಲ್ಲಿಗೆಯನ್ನು ಮೊಳದಿಂದ ಅಳೆಯದೆ, ಎಣಿಸಿ ಕಟ್ಟುವರು: ಸುಮಾರು ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿಯ ಹೆಂಗಸರು ಮಾತನಾಡುತ್ತಲೇ, ಕೈಯತ್ತ ನೋಡದೆ, ಬಾಳೆಯ ನಾರಿನಲ್ಲಿ ಈ ಕೆಲಸವನ್ನು ಸಾಗಿಸುವರು.

ವಧೂವರರ ಹಾರವನ್ನು ಕಟ್ಟುವುದಕ್ಕಿಂತ ಸೂಜಿಯಿಂದ ಪೋಣಿಸುವುದು ಹೊಸಬರಿಗೆ ಸುಲಭ. ಮೊದಲು ಬರಿಯ ದಾರವನ್ನು ಧರಿಸುವವರ ಕೊರಳಿಗೆ ಹಾಕಿ ಸೊಂಟದವರೆಗೆ ಅಳೆಯಬೇಕು; ವರನಿಗೂ ವಧುವಿಗೂ ಒಂದೇ ಅಳತೆ ಸರಿಹೋಗಲಾರದು. ಹತ್ತು ಚೆಂಡುಹೂಗಳನ್ನು ಪೋಣಿಸಿ ನೋಡಿ ಎಷ್ಟು ಉದ್ದ ಬಂದಿತೆಂದು ತಿಳಿದರೆ, ಕೊಳ್ಳಬೇಕಾದ ಹೂವಿನ ಲೆಕ್ಕ ತಾನೇ ಸಿಕ್ಕುವುದು. ಮುರಿಯುವುದಕ್ಕೆಂದು ಹತ್ತರಲ್ಲಿ ಒಂದು ಪಾಲು ಹೆಚ್ಚು ಕೊಳ್ಳಿರಿ. ಸೂಜಿಯನ್ನು ತೊಟ್ಟಿನ ಹಸಿರು ಗಡ್ಡೆಯ ಮೂಲಕ ಹಾಯಿಸಬೇಕು. ಎಸಳಿನ ಮೂಲಕ ಹಾಯಿಸಿದರೆ ಹಾರ ಬದಲಾಯಿಸುವ ಹೊತ್ತಿಗೆ ಅಕ್ಷತೆಗಿಂತ ಮುಂಚೆ ಎಸಳುಗಳ ಮಳೆ! ದಾರ ಎರಡೆಳೆಯದಾಗಿರಲಿ. ಹಿಂಗತ್ತಿನ ಒಂದು ಗೇಣಿನಷ್ಟನ್ನು ಹೂವಿಲ್ಲದೆ, ರಿಬ್ಬನ್ನಿನಿಂದ ಸುತ್ತಿ ಬಿಟ್ಟರೆ ಸೀರೆಗೂ ಅಂಗವಸ್ತ್ರಕ್ಕೂ ಕಲೆ ಹತ್ತದು. ಗುಲಾಬಿಯನ್ನು ಬಳಸುವವರು ಮುಳ್ಳನ್ನು ಒಂದೊಂದಾಗಿ ತೆಗೆದು ನೋಡಬೇಕೆಂಬುದನ್ನು ಹೇಳುವ ಅಗತ್ಯವಿಲ್ಲವೆಂದು ತೋರುವುದು. ಆದರೂ ಹೇಳಿದೆವು.

ಕಟ್ಟಿದುದನ್ನು ಕಾಪಾಡುವುದೇ ಕಷ್ಟದ ಭಾಗ. ಗಿಡದಿಂದ ಬೇರ್ಪಟ್ಟ ಮೇಲೂ ಹೂವು ಉಸಿರಾಡುತ್ತಿರುವುದು. ಉಸಿರಾಟದಿಂದ ಶಾಖ ಹುಟ್ಟುವುದು, ತೇವ ಹೊರಬೀಳುವುದು. ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಈ ಎರಡೂ ಹೊರಹೋಗಲಾರದೆ ಹೂವು ಬೆಂದಂತಾಗುವುದು. ಊರಿನಿಂದ ಬಂದ ಮಲ್ಲಿಗೆ ಕಂದುವುದು ಇದರಿಂದಲೇ. ಬಿದಿರಿನ ಬುಟ್ಟಿಯಲ್ಲಿ ಬಾಳೆಯೆಲೆ ಹಾಸಿ, ಹೂವಿಟ್ಟು, ಹಿಂಡಿದ ಒದ್ದೆಬಟ್ಟೆಯನ್ನು ಸಡಿಲವಾಗಿ ಹೊದಿಸುವುದು ಹಿಂದಿನಿಂದ ಬಂದ ಕ್ರಮ. ಅದರ ಶಾಸ್ತ್ರವೂ ಸರಿಯಾಗಿದೆ. ಹೂವಿನ ಮೇಲೆ ನೀರು ನಿಲ್ಲಕೂಡದು. ಫ್ರಿಜ್ಜಿನಲ್ಲಿಡುವವರು ಸೇಬು, ಬಾಳೆಹಣ್ಣುಗಳನ್ನು ಹೊರಗೆ ತೆಗೆದಿಡಬೇಕು. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಸೂಸುವುದು. ಅದು ಹೂವಿನ ಮುಪ್ಪನ್ನು ಬೇಗ ತರುವುದು. ಮೇ ಜೂನ್ ತಿಂಗಳುಗಳಲ್ಲಿ ದಿಲ್ಲಿಯ ಬಿಸಿಲು ೪೦ ಡಿಗ್ರಿಯನ್ನು ಮೀರುವುದರಿಂದ, ಆಗಿನ ಹಾರವನ್ನು ಮದುವೆಯ ದಿನದ ಬೆಳಗಿನ ಜಾವದಲ್ಲೇ ಪೋಣಿಸತಕ್ಕದ್ದು. ಡಿಸೆಂಬರಿನಲ್ಲಾದರೆ ಹಿಂದಿನ ರಾತ್ರಿ ಪೋಣಿಸಿದರೂ ಚಿಂತೆಯಿಲ್ಲ.

ತೋರಣಕ್ಕೆ ಮಾವಿನೆಲೆಯನ್ನು ಹಿಂದಿನ ದಿನವೇ ಒರೆಸಿ ಇಟ್ಟುಕೊಳ್ಳಬಹುದು. ಮೇಜಿನ ಮೇಲೆ, ಕಲಶದ ಪಕ್ಕದಲ್ಲಿ ಹೂವನ್ನು ನಿಲ್ಲಿಸಲು ಅಂಗಡಿಗಳಲ್ಲಿ ಹಸಿರು ಸ್ಪಂಜಿನ ಇಟ್ಟಿಗೆಗಳನ್ನು ಮಾರುವರು. ಅವು ಮಣ್ಣಿನಲ್ಲಿ ಕರಗದ ವಸ್ತು. ನಮಗೆ ಬೇಡವೆಂದೇ ಹೇಳುವೆವು. ಗೇಣುದ್ದದ ಬಾಳೆಯ ದಿಂಡಿಗೆ ತೆಂಗಿನ ಕಡ್ಡಿಯಿಂದ ತೂತು ಮಾಡಿ ಹೂವಿನ ತೊಟ್ಟುಗಳನ್ನು ಸಿಕ್ಕಿಸಿದರೆ, ದಿಂಡಿನ ನೀರೇ ಅವುಗಳನ್ನು ತಂಪಾಗಿಡುವುದು.

ಮದುವೆ ಮುಗಿದ ಮೇಲೆ ಹೂವನ್ನು ಚೀಲಕ್ಕೆ ತುಂಬಿ ಯಮುನೆಗೆ ಹಾಕುವ ವಾಡಿಕೆಯುಂಟು. ೨೦೧೫ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹಾಗೆ ನದಿಗೆ ಪೂಜಾದ್ರವ್ಯಗಳನ್ನು ಎಸೆಯುವವರಿಗೆ ೫,೦೦೦ ರೂಪಾಯಿ ದಂಡ ವಿಧಿಸಿತು. ದಂಡವಿಲ್ಲದಿದ್ದರೂ ಆ ನದಿಗೆ ಇನ್ನಷ್ಟು ಭಾರ ಹೇರುವುದು ತರವಲ್ಲ. ದಾರ, ರಿಬ್ಬನ್ನು, ಜರಿಗಳನ್ನು ಕತ್ತರಿಸಿ ತೆಗೆದು, ಹೂವನ್ನು ಒಣ ಎಲೆಗಳೊಡನೆ ಪದರ ಪದರವಾಗಿ ಕುಂಡದಲ್ಲಿ ಹಾಕಿ, ಆಗಾಗ ನೀರು ಚಿಮುಕಿಸಿ ತಿರುವುತ್ತಿದ್ದರೆ ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುವುದು. ಬಾಳೆಯ ನಾರಿನಲ್ಲಿ ಕಟ್ಟಿದ ಮಾಲೆಯಾದರೆ ಬಿಚ್ಚುವ ಶ್ರಮವೂ ಇಲ್ಲ, ಹಾಗೆಯೇ ಹಾಕಬಹುದು.