ಕಾಗೆ ಕುಕ್ಕಿದ ಎಳೆಮರಿ ಬದುಕುತ್ತದೆಯೇ?

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡ್ರಿಸುತ್ತೇವೆ. ಆಗತಾನೇ ಹುಟ್ಟಿದ ಮರಿಯೊಂದರ ಕಣ್ಣು, ಹೊಕ್ಕುಳಿಗೆ ಕಾಗೆಗಳು ಕುಕ್ಕಿದ್ದನ್ನು ಕಂಡೆ. ಕುರಿಗಾರರು ಅರಿಶಿನ ಹಚ್ಚಿ ಕಂಬಳಿಯಲ್ಲಿ ಸುತ್ತಿಟ್ಟರು. ಇಂಥ ಮರಿ ಬದುಕುತ್ತದೆಯೇ? ಹದ್ದುಗಳೂ ಹೀಗೆ ಮಾಡುತ್ತವೆಯೇ?
– ಓದುಗರೊಬ್ಬರು, ಗೊಳಸಂಗಿ

ಉತ್ತರ: ಕರುಳು ಹೊರಬಂದಿರದಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮ್ಮ ಕುರಿಗಾರರು ಮಾಡಿದ ಎರಡು ಕೆಲಸಗಳಲ್ಲಿ ಕಂಬಳಿಯದು ಹೆಚ್ಚು ಮುಖ್ಯ. ಗಾಯ ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಆದರೆ ಇಂಥ ಎಳೆಮರಿಯ ಜೀವ ಹೋಗುವುದು ಬಹಳ ಸಲ ಚಳಿ ಮತ್ತು ಹಸಿವಿನಿಂದ, ಆಮೇಲೆ ನಂಜಿನಿಂದ.

ಕಾಗೆ ಬರುವುದು ಮೊದಲು ಮಾಸಿನ ಆಸೆಗೆ. ಕುರಿ ಇನ್ನೂ ಎರಡನೇ ಮರಿಗೆ ತಿಣುಕುತ್ತಾ ಮಲಗಿದ್ದರೆ, ಒದ್ದೆಯಾಗಿ ಬಿದ್ದಿರುವ ಮೊದಲ ಮರಿಗೆ ಕಾವಲಿಲ್ಲ. ಚರ್ಮ ಹರಿಯುವ ಬಲ ಕಾಗೆಯ ಕೊಕ್ಕಿಗೆ ಕಡಿಮೆ. ಹಾಗಾಗಿ ಅದು ಮೆತ್ತಗಿನ ಜಾಗ ಹುಡುಕುತ್ತದೆ: ಕಣ್ಣು, ನಾಲಿಗೆ, ಹೊಕ್ಕುಳು, ಬಾಲದ ಬುಡ.

ಮರಿಯನ್ನು ಎತ್ತಿಕೊಂಡ ತಕ್ಷಣ ಬಾಯೊಳಗೆ ಬೆರಳಿಟ್ಟು ನೋಡಬೇಕು. ಆರೋಗ್ಯವಂತ ಮರಿಯ ಮೈಕಾವು 39ರಿಂದ 40 ಡಿಗ್ರಿ ಸೆಲ್ಸಿಯಸ್. ಬಾಯಿ ತಣ್ಣಗಿದ್ದರೆ ಮೈ ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕಕ್ಕಿಡಬೇಕು. ಕತ್ತು ಎತ್ತಲಾರದ ಮರಿಯ ಬಾಯಿಗೆ ಹಾಲು ಹೊಯ್ಯಲೇಬಾರದು. ಅದು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೊಲ್ಲುತ್ತದೆ. ಬೆಚ್ಚಗಾಗಿ ತಲೆ ಎತ್ತಿದ ಮೇಲೆ ಗಿಣ್ಣದ ಹಾಲು. ಕಿಲೋ ತೂಕಕ್ಕೆ 50 ಮಿಲಿಲೀಟರಿನಂತೆ, ಮೂರು ಕಿಲೋದ ಮರಿಗೆ ಒಂದು ಸಲಕ್ಕೆ 150 ಮಿಲಿಲೀಟರ್. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ, ಮೊದಲ ದಿನದಲ್ಲಿ ಮೂರು ನಾಲ್ಕು ಸಲ. ಕುರಿಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ ರೋಗನಿರೋಧಕ ಶಕ್ತಿ ಪಡೆಯುವುದಿಲ್ಲ, ಅದೆಲ್ಲ ಈ ಹಾಲಿನಲ್ಲೇ ಬರಬೇಕು. ಮೊದಲ ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ತಾಯಿಗೆ ಹಾಲಿಲ್ಲದಿದ್ದರೆ ಅದೇ ಹಿಂಡಿನಲ್ಲಿ ಈಗಷ್ಟೇ ಈದ ಬೇರೆ ಕುರಿಯದೋ ಮೇಕೆಯದೋ ಗಿಣ್ಣದ ಹಾಲಾದರೂ ಆದೀತು. ನಾಲಿಗೆ ಹರಿದ ಮರಿ ಚೀಪಲಾರದು. ಅಂಥದಕ್ಕೆ ಪಶುವೈದ್ಯರು ಹೊಟ್ಟೆಗೆ ನಳಿಕೆ ಇಳಿಸಿ ಹಾಲು ಕೊಡುತ್ತಾರೆ.

ಇನ್ನು ಗಾಯ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಅದರಿಂದ ತೊಳೆಯಿರಿ. ಹೊಕ್ಕುಳಿಗೆ ಅಯೋಡಿನ್. ಮೈಮೇಲಿನ ಗಾಯಕ್ಕೆ ಅರಿಶಿನ ಹಚ್ಚುವುದರ ಬಗ್ಗೆ ನನ್ನ ತಕರಾರಿಲ್ಲ, ಕಣ್ಣಿಗೆ ಮಾತ್ರ ಬೇಡವೇ ಬೇಡ. ಕಣ್ಣಿಗೆ ಉಪ್ಪುನೀರು, ಆಮೇಲೆ ವೈದ್ಯರು ಹೇಳಿದ ಮುಲಾಮು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಹನಿ ಬಾಟಲಿ ಉಳಿದಿದೆಯೆಂದು ಹಾಕಿಬಿಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣಾದ ಕಣ್ಣು ಪೂರ್ತಿ ಹಾಳಾಗುತ್ತದೆ. ಕರುಳು ಹೊರಬಂದಿದ್ದರೆ ಒಳಗೆ ತಳ್ಳಲು ಹೋಗದೆ, ಅದೇ ಉಪ್ಪುನೀರಲ್ಲಿ ಅದ್ದಿದ ಶುಭ್ರ ಬಟ್ಟೆ ಸುತ್ತಿ ಒಡನೆ ಆಸ್ಪತ್ರೆಗೆ ಒಯ್ಯಬೇಕು. ಪಶು ಸಂಜೀವಿನಿ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962. ಧನುರ್ವಾಯು, ನಂಜಿನ ಚುಚ್ಚುಮದ್ದುಗಳನ್ನು ವೈದ್ಯರೇ ನಿರ್ಧರಿಸಲಿ.

ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಗಾಯದಲ್ಲಿ ಹುಳ ಕಾಣಿಸಬಹುದು. ಬೆಳಿಗ್ಗೆ ಸಂಜೆ ಬಿಚ್ಚಿ ನೋಡಬೇಕು. ಗಾಯದ ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಕೂರುವುದು ಕಡಿಮೆಯಾಗುತ್ತದೆ. ಸೀಮೆಎಣ್ಣೆ, ಸುಣ್ಣ ಎಳೆಚರ್ಮವನ್ನು ಸುಡುತ್ತವೆ.

ಅವಸರದಲ್ಲಿ ಮರೆತುಹೋಗುವ ಮಾತೊಂದಿದೆ. ತಾಯಿ ಮರಿಯನ್ನು ಗುರುತಿಸುವುದು ವಾಸನೆಯಿಂದ, ಅದರಲ್ಲೂ ಬಾಲದ ಬುಡ ಮೂಸಿ. ಮರಿಯ ಇಡೀ ಮೈ ತೊಳೆದು, ಘಾಟು ಔಷಧಿ ಬಳಿದು, ಅರ್ಧ ದಿನ ದೂರ ಇಟ್ಟರೆ ತಾಯಿ ಅದನ್ನು ತಲೆಯಿಂದ ಗುದ್ದಿ ಓಡಿಸುವುದುಂಟು. ಗಾಯವನ್ನಷ್ಟೇ ಶುಚಿ ಮಾಡಿ ತಾಯಿಯ ಮೂಗಿನ ಬಳಿಯೇ ಬುಟ್ಟಿಯಲ್ಲಿಡಿ. ಒಂದು ಕಣ್ಣು ಹೋದ ಹೆಣ್ಣುಮರಿ ಬೆಳೆದು, ಮೇದು, ಈದು ಮರಿ ಸಾಕುತ್ತದೆ.

ಹದ್ದಿನ ಪ್ರಶ್ನೆಗೆ ಬರುತ್ತೇನೆ. ಊರ ಮೇಲೆ ಸುತ್ತುವ ಕಪ್ಪು ಹದ್ದು ಒಂದು ಕಿಲೋ ತೂಗುವುದೂ ಕಷ್ಟ, ಎರಡು ಮೂರು ಕಿಲೋದ ಮರಿಯನ್ನು ಹೊತ್ತೊಯ್ಯಲಾರದು. ಆದರೂ ಬಲಹೀನ ಮರಿಗೆ ಕುಕ್ಕೀತು. ಬಯಲಿನ ದೊಡ್ಡ ಹದ್ದುಗಳಿಗೆ ಶಕ್ತಿಯಿದೆ, ಆದರೆ ಸತ್ತ ಮರಿಯ ಮೇಲೆ ಅವು ಕೂತಿದ್ದ ಮಾತ್ರಕ್ಕೆ ಅವೇ ಕೊಂದವು ಎನ್ನಲಾಗದು. ಚರ್ಮ ಬಿಡಿಸಿ ನೋಡಿದಾಗ ಗಾಯದ ಸುತ್ತ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗಲೇ ಕುಕ್ಕಿವೆ. ಇಲ್ಲದಿದ್ದರೆ ಸತ್ತ ಮೇಲೆ.

ಸಿಟ್ಟಿಗೆ ವಿಷ ಇಡುವವರಿದ್ದಾರೆ. ಅದು ಕ್ರೌರ್ಯ, ಜೊತೆಗೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾಗೆಯನ್ನು ಸೇರಿಸಿದ್ದ ‘ಉಪದ್ರವಿ’ಗಳ ಪಟ್ಟಿಯನ್ನೂ 2022ರ ತಿದ್ದುಪಡಿ ಕೈಬಿಟ್ಟಿದೆ. ನೋವಿಗೆ ಡೈಕ್ಲೊಫೆನಾಕ್ ಚುಚ್ಚಿಸಲೂಬೇಡಿ. ಅದನ್ನು ಪಡೆದು ಸತ್ತ ಪಶುವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅದಕ್ಕೇ 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಮೆಲಾಕ್ಸಿಕಾಮ್ ಇದೆ, ಅದರಿಂದ ರಣಹದ್ದಿಗೆ ಅಪಾಯವಿಲ್ಲ. ಎಷ್ಟು ಕೊಡಬೇಕೆಂದು ವೈದ್ಯರು ಹೇಳಲಿ.

ತಡೆಯುವ ದಾರಿ ಸರಳವಾಗಿದೆ. ಬಿದ್ದ ಮಾಸನ್ನು ಕೂಡಲೇ ಹೂಳಬೇಕು, ಈಯುವ ಕುರಿಯನ್ನು ಬಟಾಬಯಲಲ್ಲಿ ಬಿಡಬಾರದು. ಆದರೆ ಊರೂರು ಅಲೆಯುವ ಕುರಿಗಾರರಿಗೆ ಸೂರು ಎಲ್ಲಿಂದ ಬರಬೇಕು? ಅವರ ಕುರಿಗಳಿಂದ ನಿಮ್ಮ ಹೊಲಕ್ಕೆ ಗೊಬ್ಬರ ಸಿಗುತ್ತದೆ. ಮುಂದಿನ ಸುಗ್ಗಿಗೆ ಅವರನ್ನು ಕರೆಸುವಾಗ, ಈಯುವ ಕುರಿಗಳಿಗಾಗಿ ನಿಮ್ಮ ದನದ ಕೊಟ್ಟಿಗೆಯ ಒಂದು ಮೂಲೆಯನ್ನು ಎರಡು ಮೂರು ದಿನ ಬಿಟ್ಟುಕೊಡಿ.